ಟೆಕ್ಸಸ್ಸಿನ ಬೇಲಿಯೊಳಗೆ ನಮ್ಮ ಕೃಷ್ಣಮೃಗ: ಅದು ಅಲ್ಲಿ ಹೇಗೆ ಬದುಕ್ತಾ ಇದೆ, ಯಾರ ಸ್ವತ್ತಾಗಿದೆ?

ಸ್ಯಾನ್ ಆಂಟೋನಿಯೊದಲ್ಲಿ ಕೆಲಸಕ್ಕಿರುವ ಚಿಕ್ಕಮ್ಮನ ಮಗ ಹೋದ ತಿಂಗಳು ಒಂದು ವಿಡಿಯೊ ಕಳಿಸಿದ. ಕಾರಿನೊಳಗಿಂದ ತೆಗೆದದ್ದು. ಎಂಟಡಿ ಎತ್ತರದ ತಂತಿಬೇಲಿ, ಅದರಾಚೆ ಒಣಹುಲ್ಲು, ಅಲ್ಲಲ್ಲಿ ಓಕ್ ಮರ. ಹುಲ್ಲಿನ ನಡುವೆ ತಿರುಚಿದ ಕೊಂಬಿನ, ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ ಒಂದು ಗಂಡು. ಕೆಳಗೆ ಬರೆದಿದ್ದ: "ಅಕ್ಕ, ಇದು ನಮ್ಮ ಕೃಷ್ಣಮೃಗ ಅಲ್ವಾ? ಇಲ್ಲಿ ಎಂತ ಮಾಡ್ತಾ ಉಂಟು?"

ಬೋಳಾರದ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಅದನ್ನು ಹಾಕಿದ್ದೇ ತಪ್ಪಾಯ್ತು. ಸೋದರಮಾವ ವಾಯ್ಸ್ ಮೆಸೇಜ್ ಬಿಟ್ಟರು: "ಅಲ್ಲಿ ಒಂದು ಪ್ರಾಣಿ ಹೊಡೀಲಿಕ್ಕೆ ಸಾವಿರಾರು ಡಾಲರ್ ಕೊಡ್ತಾರಂತೆ. ಪ್ರಾಣಿಯೂ ಉಳೀತು, ದುಡ್ಡೂ ಆಯ್ತು. ನಮ್ಮಲ್ಲಿ ಅದನ್ನು ಮುಟ್ಟಿದ್ರೆ ಜೈಲು. ಯಾರಿಗೆ ಬುದ್ಧಿ ಉಂಟು ಹೇಳು?"

ತಮ್ಮನ ಪ್ರಶ್ನೆಗೆ ಉತ್ತರ ಸಲೀಸು. ಮಾವನ ಪ್ರಶ್ನೆಗೆ ಹಾಗಲ್ಲ. "ಬಳಸಿದರೆ ಮಾತ್ರ ಉಳಿಯುತ್ತದೆ" ಅನ್ನುವ ವಾದ ಈಗ ನಮ್ಮಲ್ಲೂ ಮೆಲ್ಲಗೆ ಬರ್ತಾ ಇದೆ. ಅದನ್ನು ಒಪ್ಪುವ ಮೊದಲು, ಆ ಬೇಲಿಯೊಳಗೆ ಪ್ರಾಣಿ ನಿಜಕ್ಕೂ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕು. ನಾನು ಓದಿ ತಿಳಿದದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ

ನಮ್ಮ ಪತ್ರಿಕೆಗಳು ನಾಲ್ಕು ಕಾಲು, ಎರಡು ಕೊಂಬು ಇದ್ದದ್ದಕ್ಕೆಲ್ಲ ಜಿಂಕೆ ಅಂತ ಬರೆದು ಮುಗಿಸುತ್ತವೆ. ಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಬಿದ್ದುಹೋಗಿ ಮತ್ತೆ ಬೆಳೆಯುತ್ತದೆ. ಹುಲ್ಲೆಗಳ ಕೊಂಬು ಹಾಗಲ್ಲ. ಒಳಗೆ ಎಲುಬು, ಹೊರಗೆ ಕೋಡಿನ ಕವಚ, ಜೀವ ಇರುವ ತನಕ ಅದೇ. ವಂಶದ ಲೆಕ್ಕದಲ್ಲಿ ಹುಲ್ಲೆಗಳು ದನ, ಆಡು, ಕುರಿಗಳ ಬಳಗ. ಕರ್ನಾಟಕದ ಹುಲ್ಲೆಗಳು ಮೂರು: ಬಯಲಿನ ಕೃಷ್ಣಮೃಗ, ಕುರುಚಲು ಕಾಡಿನ ಚಿಂಕಾರ, ನಾಲ್ಕು ಕೊಂಬಿನ ಕೊಂಡುಕುರಿ. ಚಿಂಕಾರಕ್ಕೆಂದೇ ಬಾಗಲಕೋಟೆಯ ಯಡಹಳ್ಳಿ, ತುಮಕೂರಿನ ಬುಕ್ಕಾಪಟ್ಟಣಗಳಲ್ಲಿ ಅಭಯಾರಣ್ಯಗಳಾಗಿವೆ. ಉತ್ತರ ಕರ್ನಾಟಕದವರು ಕೃಷ್ಣಮೃಗವನ್ನು ಚಿಗರಿ ಅಂತಾರೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ ಇಟ್ಟದ್ದು ಇದೇ ಹೆಸರು.

ಕರಾವಳಿಯಲ್ಲಿ ಕೃಷ್ಣಮೃಗ ಇಲ್ಲ. ಇಷ್ಟು ಮಳೆ, ಇಷ್ಟು ಮರ ಅದಕ್ಕೆ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಬಯಲು, ಗಿಡ್ಡ ಹುಲ್ಲು, ದೂರದ ತನಕ ಕಾಣುವ ನೋಟ. ಅಪಾಯ ಕಂಡರೆ ಅಡಗುವ ಪ್ರಾಣಿ ಅಲ್ಲ ಅದು, ಓಡುವ ಪ್ರಾಣಿ. ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುತ್ತದೆ. ಇವತ್ತು ಅದನ್ನು ಅಟ್ಟುವ ತೋಳಕ್ಕಾಗಲಿ ಬೀದಿನಾಯಿಗಾಗಲಿ ಅಷ್ಟು ವೇಗ ಇಲ್ಲ. ಆ ವೇಗ ಚೀತಾದ ಲೆಕ್ಕಕ್ಕೆ ಬಂದದ್ದು ಅಂತ ತಜ್ಞರು ಹೇಳುತ್ತಾರೆ. ಪಳಗಿಸಿದ ಚೀತಾ ಬಿಟ್ಟು ಹುಲ್ಲೆ ಹಿಡಿಸುವ ಆಟವನ್ನು 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ವರ್ಣಿಸಿದ್ದಾನೆ. ಅಂದರೆ ಕೃಷ್ಣಮೃಗವನ್ನು ದೊಡ್ಡವರ ಮೋಜಿನ ಸಾಮಾನು ಮಾಡಿದ್ದು ಟೆಕ್ಸಸ್ಸಿನವರೇ ಮೊದಲಲ್ಲ. ಆ ಶ್ರೇಯಸ್ಸು ನಮ್ಮ ರಾಜರಿಗೇ ಸಲ್ಲಬೇಕು.

ಅಲ್ಲಿಗೆ ಹೋದದ್ದು ಹೇಗೆ

ಟೆಕ್ಸಸ್ಸಿನ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ಕೃಷ್ಣಮೃಗ ಬಂದದ್ದು 1932ರಲ್ಲಿ. ಸುಣ್ಣಕಲ್ಲಿನ ಗುಡ್ಡ, ಓಕ್, ಜುನಿಪರ್, ನಡುನಡುವೆ ಹುಲ್ಲು ಇರುವ ಒಣ ನಾಡು ಅದು. 1988ರ ಸಮೀಕ್ಷೆಯ ಹೊತ್ತಿಗೆ ಆ ರಾಜ್ಯದಲ್ಲಿ 21 ಸಾವಿರದಷ್ಟು ಕೃಷ್ಣಮೃಗಗಳಿದ್ದವು. ನೀಲಗಾಯಿಯದ್ದು ಇನ್ನೂ ಹಳೆಯ ಕಥೆ. ದಕ್ಷಿಣ ಟೆಕ್ಸಸ್ಸಿನಲ್ಲಿ ಎಂಟು ಲಕ್ಷ ಎಕರೆ ದಾಟುವ ಕಿಂಗ್ ರ್ಯಾಂಚ್ ಇದೆ. ಅದರ ಮಾಲೀಕರು 1920ರ ದಶಕದಿಂದ ಮೃಗಾಲಯಗಳಿಂದ ನೀಲಗಾಯಿಗಳನ್ನು ತರಿಸಿ ಬಿಟ್ಟರು. ಕೈಬೆರಳೆಣಿಕೆಯಲ್ಲಿ ಶುರುವಾದದ್ದು ಈಗ 30 ಸಾವಿರಕ್ಕೂ ಹೆಚ್ಚು ಅಂತ ಅಂದಾಜು. ಅರ್ಜೆಂಟೀನಾದ ಪಂಪಾಸ್ ಹುಲ್ಲುಗಾವಲಿಗೂ 20ನೇ ಶತಮಾನದ ಶುರುವಿನಲ್ಲೇ ಕೃಷ್ಣಮೃಗ ಹೋಗಿದೆ.

ಇಲ್ಲಿ ಒಂದು ವಿಚಿತ್ರ ಇದೆ. ಪಾಕಿಸ್ತಾನದ ಬಯಲುಗಳಲ್ಲಿ ಕೃಷ್ಣಮೃಗ ಬೇಟೆಯಿಂದ ಪೂರ್ತಿ ಅಳಿದುಹೋಯಿತು. 1970ರ ದಶಕದಲ್ಲಿ ಬಹಾವಲ್ಪುರದ ಲಾಲ್ ಸುಹಾನ್ರಾ ರಾಷ್ಟ್ರೀಯ ಉದ್ಯಾನದಲ್ಲಿ ಮತ್ತೆ ಸಾಕಲು ಶುರುಮಾಡಿದಾಗ ಪ್ರಾಣಿಗಳು ಬಂದದ್ದು ಗಡಿಯಾಚೆಯ ರಾಜಸ್ಥಾನದಿಂದ ಅಲ್ಲ, ಟೆಕ್ಸಸ್ಸಿನಿಂದ. ಮಾವನ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಬೇಡ. ಅದನ್ನು ನಾನೇ ಅವರಿಗೆ ಹೇಳಿದೆ ಕೂಡ.

ಬೇಲಿಯೊಳಗೆ ಸ್ವಭಾವ ಬದಲಾಗುತ್ತದಾ?

ಮೂಲ ಸ್ವಭಾವ ಬದಲಾಗುವುದಿಲ್ಲ. ಆದರೆ ಅದರ ಪರಿಣಾಮ ಬದಲಾಗುತ್ತದೆ. ಈ ವ್ಯತ್ಯಾಸ ಮುಖ್ಯ.

ಕೃಷ್ಣಮೃಗದ ಪ್ರಬಲ ಗಂಡು ಒಂದು ಜಾಗವನ್ನು ತನ್ನದು ಅಂತ ಹಿಡಿದುಕೊಳ್ಳುತ್ತದೆ. ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಪ್ಪೆ ಮಾಡುತ್ತದೆ. ಕಣ್ಣಿನ ಕೆಳಗಿನ ಗ್ರಂಥಿಯನ್ನು ಕಡ್ಡಿಗೆ, ಹುಲ್ಲಿನ ತುದಿಗೆ ಉಜ್ಜಿ ವಾಸನೆ ಹಚ್ಚುತ್ತದೆ. ಹೆಣ್ಣು ಬಂದರೆ ಮೂಗು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ತಾಗಿಸಿ, ಬಾಲ ಸುರುಳಿ ಮಾಡಿ, ಗುರುಗುಟ್ಟುತ್ತಾ ಗತ್ತಿನಲ್ಲಿ ನಡೆಯುತ್ತದೆ. (ಮಾರ್ನೆಮಿಗೆ ನಮ್ಮ ಬೀದಿಗೆ ಬರುವ ಪಿಲಿವೇಷದವರ ನಡಿಗೆ ನೋಡಿದವರಿಗೆ ಆ ಗತ್ತು ಗೊತ್ತಾಗುತ್ತದೆ.) ಗುಜರಾತಿನ ವೇಳಾವದರದಲ್ಲಿ ಇದು ಒಂದು ಸಂತೆಯ ಹಾಗೆ ನಡೆಯುತ್ತದೆ: ಹತ್ತಾರು ಗಂಡುಗಳು ಪಕ್ಕಪಕ್ಕದಲ್ಲಿ ಕೆಲವೇ ಮೀಟರ್ ಅಗಲದ ಜಾಗ ಹಿಡಿದು ನಿಲ್ಲುತ್ತವೆ, ಹೆಣ್ಣುಗಳು ಬಂದು ಆರಿಸಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಇದು ಎಲ್ಲ ಕಡೆ ಹೀಗೇ ಇಲ್ಲ. ಬೇರೆ ಬಯಲುಗಳಲ್ಲಿ ಗಂಡುಗಳು ದೊಡ್ಡ ಜಾಗ ಹಿಡಿದು ದೂರದೂರ ಇರುತ್ತವೆ. ಹೆಣ್ಣುಗಳ ಗುಂಪು ಎಷ್ಟು ದೊಡ್ಡದು, ಎಷ್ಟು ದಟ್ಟ ಅನ್ನುವುದರ ಮೇಲೆ ಗಂಡಿನ ತಂತ್ರ ಬದಲಾಗುತ್ತದೆ. ಅಂದರೆ ಈ ಪ್ರಾಣಿಯ ನಡವಳಿಕೆ ಕಲ್ಲಿನಲ್ಲಿ ಕೊರೆದದ್ದಲ್ಲ.

ಟೆಕ್ಸಸ್ಸಿನಲ್ಲಿ ಇದನ್ನು ಗಮನಿಸಿದವರು ಎಲಿಜಬೆತ್ ಕೇರಿ ಮಂಗಲ್. ಅವರ ಪುಸ್ತಕ ಬಂದದ್ದು 1978ರಲ್ಲಿ. ಸೀಮೆ ಹಿಡಿಯುವುದು, ಗತ್ತು ತೋರುವುದು, ಮರಿಯನ್ನು ಹುಟ್ಟಿದ ಹೊಸತರಲ್ಲಿ ಹುಲ್ಲಿನೊಳಗೆ ಬಚ್ಚಿಡುವುದು, ಗಾಬರಿಯಾದಾಗ ಒಂದು ನೆಟ್ಟಗೆ ಮೇಲಕ್ಕೆ ಹಾರಿ ಇಡೀ ಹಿಂಡು ಹಾಗೇ ಹಾರುವುದು, ಇದೆಲ್ಲ ಅಲ್ಲೂ ಇದೆ. ಆ ಮರಿ ಬಚ್ಚಿಡುವ ಅಭ್ಯಾಸವೇ ಅಲ್ಲಿ ಒಂದು ತೊಡಕಾಗಿದೆ. ಅಲ್ಲಿನ ಕಯೋಟಿಗಳು, ನರಿಗಿಂತ ದೊಡ್ಡ, ತೋಳಕ್ಕಿಂತ ಸಣ್ಣ ಪ್ರಾಣಿಗಳು, ಹುಲ್ಲಿನಲ್ಲಿ ಮಲಗಿದ ಮರಿಗಳನ್ನು ಹುಡುಕಿ ತಿನ್ನುತ್ತವೆ. ಕಯೋಟಿ ಹೆಚ್ಚಿರುವ ಕಡೆ ಕೃಷ್ಣಮೃಗ ಬೇರೂರಿಲ್ಲ. ಮಾಲೀಕರು ಕಯೋಟಿಗಳನ್ನು ಕೊಂದ ಕಡೆ ಬೇರೂರಿದೆ. ಒಂದು ಪ್ರಾಣಿಯನ್ನು ಸಾಕಲು ಊರಿನ ಇನ್ನೊಂದು ಪ್ರಾಣಿಯನ್ನು ಲೆಕ್ಕದಿಂದ ತೆಗೆಯಬೇಕು. ರ್ಯಾಂಚಿನ ಜಾಹೀರಾತಿನಲ್ಲಿ ಈ ಖರ್ಚು ಕಾಣುವುದಿಲ್ಲ.

ಇನ್ನು ಬೇಲಿ. ಬಯಲಿನಲ್ಲಿ ಸೋತ ಗಂಡು ಹಿಂಡು ಬಿಟ್ಟು ಹೋಗುತ್ತದೆ, ಬ್ರಹ್ಮಚಾರಿಗಳ ಗುಂಪು ಸೇರುತ್ತದೆ. ಅದು ಸೋಲಿಗೆ ಒಂದು ಬಾಗಿಲು. ಸಣ್ಣ ಬೇಲಿಯೊಳಗೆ ಆ ಬಾಗಿಲು ಇಲ್ಲ. ಸೋತದ್ದು ಗೆದ್ದದ್ದರ ಕಣ್ಣೆದುರೇ ಇರಬೇಕು, ಅದು ಅಟ್ಟುತ್ತಲೇ ಇರುತ್ತದೆ, ಗಾಯ ಮಾಡುತ್ತದೆ, ಕೆಲವೊಮ್ಮೆ ಕೊಂದೇ ಬಿಡುತ್ತದೆ. ಸೋತ ಗಂಡಿನ ಮೈ ಪೂರ್ತಿ ಕಪ್ಪಾಗುವುದೂ ಇಲ್ಲ, ಕಂದು ಬಣ್ಣದಲ್ಲೇ ಉಳಿಯುತ್ತದೆ. ಬೇಟೆಗೆ ದುಡ್ಡು ಕೊಟ್ಟವನಿಗೆ ಬೇಕಾದದ್ದು ಕಡುಕಪ್ಪು ಗಂಡು, ಉದ್ದ ಕೊಂಬು. ಹಾಗಾಗಿ ಮಾಲೀಕ ಯಾವ ಗಂಡನ್ನು ಎಲ್ಲಿಡಬೇಕು, ಎಷ್ಟು ಹೆಣ್ಣಿಗೆ ಎಷ್ಟು ಗಂಡು ಅಂತ ಲೆಕ್ಕ ಹಾಕಿ ಹಿಂಡು ಕಟ್ಟುತ್ತಾನೆ. ಬಯಲಿನಲ್ಲಿ ಹೆಣ್ಣು ಮಾಡುತ್ತಿದ್ದ ಆಯ್ಕೆಯನ್ನು ಇಲ್ಲಿ ಅವನು ಮಾಡುತ್ತಾನೆ.

ಮೇವಿನದ್ದೂ ಅದೇ ಕಥೆ. ನಿಗದಿತ ಹೊತ್ತಿಗೆ ತಾನಾಗಿ ಮೆಕ್ಕೆಜೋಳ ಚೆಲ್ಲುವ ಡಬ್ಬಗಳನ್ನು ರ್ಯಾಂಚುಗಳಲ್ಲಿ ನಿಲ್ಲಿಸಿರುತ್ತಾರೆ. ಆ ಸದ್ದಿಗೆ ಪ್ರಾಣಿ ಬರುತ್ತದೆ, ಬೇಟೆಗಾರ ಹತ್ತಿರದ ಅಟ್ಟಣೆಯಲ್ಲಿ ಕೂತಿರುತ್ತಾನೆ. ಸಾವಿರಾರು ವರ್ಷ ಚೀತಾದಿಂದ ತಪ್ಪಿಸಿಕೊಂಡ ಕಾಲುಗಳಿಗೆ ಅಲ್ಲಿ ಕೆಲಸವೇ ಇಲ್ಲ.

ಒಂದನ್ನು ಮಾತ್ರ ಬೇಲಿಯಾಗಲಿ ಮೇವಾಗಲಿ ತಿದ್ದಲಿಕ್ಕೆ ಆಗಿಲ್ಲ: ಚಳಿ. ನಮ್ಮ ಹುಲ್ಲೆಗಳ ಮೈಯಲ್ಲಿ ಕೊಬ್ಬು ಕಡಿಮೆ. 1973ರ ಚಳಿಗಾಲದಲ್ಲಿ ಟೆಕ್ಸಸ್ಸಿನ ಸಾವಿರಕ್ಕೂ ಹೆಚ್ಚು ನೀಲಗಾಯಿಗಳು ಸತ್ತವು. 2021ರ ಫೆಬ್ರವರಿಯಲ್ಲಿ ರಾಜ್ಯದ ಹಲವೆಡೆ ಕರೆಂಟು ಹೋದ ಆ ಹಿಮಗಾಳಿಯಲ್ಲಿ ಮತ್ತೆ ನೀಲಗಾಯಿ, ಕೃಷ್ಣಮೃಗ, ಆಫ್ರಿಕಾದ ಹುಲ್ಲೆಗಳು ನಿಂತಲ್ಲೇ ಬಿದ್ದವು. ಆ ವಾರ ನನ್ನ ತಮ್ಮ ಮೂರು ಸ್ವೆಟರ್ ಹಾಕಿಕೊಂಡು ವಿಡಿಯೊ ಕಾಲ್ ಮಾಡಿದ್ದು ನೆನಪಿದೆ.

ಬೇಲಿ ದಾಟಿದವುಗಳ ಕಥೆ

ನೀಲಗಾಯಿ ಬೇಲಿ ಹಾರುವುದಕ್ಕಿಂತ ಹೆಚ್ಚಾಗಿ ಅಡಿಯಿಂದ ನುಸುಳುತ್ತದೆ. ಇನ್ನೂರು ಕಿಲೋ ತೂಗುವ ಪ್ರಾಣಿ, ಹಂದಿ ತೋಡಿದ ಕಿಂಡಿಯಲ್ಲಿ ಮೊಣಕಾಲೂರಿ ದಾಟುತ್ತದೆ ಅಂದರೆ ನಂಬಲಿಕ್ಕೆ ಕಷ್ಟ. ಹಾಗೆ ದಾಟಿದವು ಈಗ ಮೆಕ್ಸಿಕೊ ಗಡಿಯ ಉದ್ದಕ್ಕೂ ಹಬ್ಬಿವೆ, ಒಂದು ದೊಡ್ಡ ತಲೆನೋವೂ ಆಗಿವೆ.

ತಲೆನೋವಿನ ಹೆಸರು ಉಣುಗು, ಅಂದರೆ ಉಣ್ಣೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಂಡ ನಮಗೆ ಈ ಹುಳದ ಮಹಿಮೆ ವಿವರಿಸಬೇಕಾಗಿಲ್ಲ. ದನಗಳಿಗೆ ಜ್ವರ ಹರಡುವ ಒಂದು ಜಾತಿಯ ಉಣುಗನ್ನು ಅಮೆರಿಕ 1943ರ ಹೊತ್ತಿಗೆ ತನ್ನ ನೆಲದಿಂದ ಓಡಿಸಿತ್ತು. ಉಳಿದದ್ದು ರಿಯೊ ಗ್ರಾಂಡೆ ನದಿಯ ಉದ್ದದ ಒಂದು ಕಾವಲುಪಟ್ಟಿ ಮಾತ್ರ. ದನಗಳನ್ನಾದರೆ ಹಿಡಿದು ಔಷಧಿಯಲ್ಲಿ ಅದ್ದಬಹುದು. ನೀಲಗಾಯಿಯನ್ನು ಹಿಡಿಯುವವರು ಯಾರು? ಅದು ದೂರದೂರ ಅಲೆಯುತ್ತದೆ, ಮೆಕ್ಕೆಜೋಳದ ಡಬ್ಬದ ಹತ್ತಿರಕ್ಕೂ ಸುಲಭವಾಗಿ ಬರುವುದಿಲ್ಲ. ಕೊನೆಗೆ ವಿಜ್ಞಾನಿಗಳು ಅದರ ಸ್ವಭಾವವನ್ನೇ ಹಿಡಿದುಕೊಂಡರು. ನುಸುಳಿದ ಕಿಂಡಿಯಲ್ಲೇ ಮತ್ತೆ ನುಸುಳುವುದು ಅದರ ಅಭ್ಯಾಸ. ಅಂಥ ಕಿಂಡಿಗಳಲ್ಲಿ ತಾನಾಗಿ ಚಿಮ್ಮುವ ಪಿಚಕಾರಿ ಇಟ್ಟು, ಉಣುಗನ್ನು ಕೊಲ್ಲುವ ಸೂಕ್ಷ್ಮ ಜಂತುಗಳಿರುವ ನೀರನ್ನು ಮೈಮೇಲೆ ಸಿಂಪಡಿಸುವ ಪ್ರಯೋಗ ಮಾಡಿದರು. ಇನ್ನೊಂದು ದಾರಿ, ಹೆಲಿಕಾಪ್ಟರಿನಿಂದ ಗುಂಡು. ವನ್ಯಜೀವಿ ಆಶ್ರಯತಾಣಗಳಲ್ಲೇ ಅದೂ ನಡೆದಿದೆ. ತಂದದ್ದು ಖಾಸಗಿಯವರು, ತೆರುತ್ತಿರುವುದು ಸರ್ಕಾರದ ಖಜಾನೆ. ಈ ಸಾಲು ಎಲ್ಲೋ ಕೇಳಿದ ಹಾಗೆ ಇದೆಯಲ್ವಾ?

ನ್ಯೂ ಮೆಕ್ಸಿಕೊದಲ್ಲಿ ತಂದದ್ದು ಸರ್ಕಾರವೇ. ವೈಟ್ ಸ್ಯಾಂಡ್ಸ್ ಕ್ಷಿಪಣಿ ವಲಯದ ಮರಳುಗಾಡಿನಲ್ಲಿ ಬೇಟೆಗಾರರಿಗೆ ಅಂತ 1969ರಿಂದ 1977ರ ನಡುವೆ ಕಲಹರಿಯ ಗೆಮ್ಸ್‌ಬಾಕ್ ಹುಲ್ಲೆಗಳನ್ನು ಬಿಟ್ಟರು, ನೂರಕ್ಕೂ ಕಡಿಮೆ. ಅಲ್ಲಿ ಸಿಂಹ ಇಲ್ಲ, ಕತ್ತೆಕಿರುಬ ಇಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಕರು ಹಾಕುತ್ತವೆ, ಕರು ಹಾಕಿದ ಸ್ವಲ್ಪದರಲ್ಲೇ ಮತ್ತೆ ಗಬ್ಬವಾಗುತ್ತವೆ. ಕೆಲವೇ ದಶಕಗಳಲ್ಲಿ ಸಾವಿರಗಟ್ಟಲೆಯಾದವು.

ನಾವೇನೂ ಕಡಿಮೆ ಇಲ್ಲ. ಅಂಡಮಾನಿಗೆ ಚುಕ್ಕೆ ಜಿಂಕೆ ತಂದು ಬಿಟ್ಟದ್ದು ಬ್ರಿಟಿಷರ ಕಾಲದಲ್ಲಿ. ತಿನ್ನುವ ಪ್ರಾಣಿ ಇಲ್ಲದ ದ್ವೀಪದಲ್ಲಿ ಅವು ಕಾಡಿನ ತಳದ ಗಿಡಗಳನ್ನೆಲ್ಲ ಮೇಯ್ದು ಬೋಳಿಸಿದ್ದರಿಂದ ಅಲ್ಲಿನ ಹಲ್ಲಿ ಜಾತಿಗಳೂ ಕಡಿಮೆಯಾದದ್ದನ್ನು ಭಾರತೀಯ ಸಂಶೋಧಕರು 2016ರಲ್ಲಿ ದಾಖಲಿಸಿದರು. ಜಿಂಕೆ ಮೇಯುವುದಕ್ಕೂ ಹಲ್ಲಿಗೂ ಸಂಬಂಧ ಇದೆ ಅಂತ ಬಿಟ್ಟವರಿಗೆ ಹೇಗೆ ಹೊಳೆಯಬೇಕು?

ಸ್ಪರ್ಧೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲಿಕ್ಕೆ ಟೆಕ್ಸಸ್ಸಿನದ್ದೇ ಒಂದು ಹಳೆಯ ಪ್ರಯೋಗ ಇದೆ. ಹುಲ್ಲೆಯದ್ದಲ್ಲ, ಜಿಂಕೆಯದ್ದು. ಕೆರ್ ವನ್ಯಜೀವಿ ಕ್ಷೇತ್ರದಲ್ಲಿ 1971ರಲ್ಲಿ 96 ಎಕರೆಗೆ ಬೇಲಿ ಹಾಕಿ ಪೂರ್ವ ಏಷ್ಯಾದ 6 ಸಿಕಾ ಜಿಂಕೆ, ಊರಿನದ್ದೇ ಆದ 6 ಬಿಳಿಬಾಲದ ಜಿಂಕೆಗಳನ್ನು ಬಿಟ್ಟರು. 1979ರಲ್ಲಿ ಎಣಿಸಿದಾಗ ಸಿಕಾ 62, ಊರಿನವು ಸೊನ್ನೆ. ಹೊಡೆದಾಟವೇನೂ ಆಗಿರಲಿಲ್ಲ. ಊರಿನ ಜಿಂಕೆ ಸೊಪ್ಪು, ಚಿಗುರು ತಿನ್ನುವಂಥದ್ದು. ಸಿಕಾ ಸೊಪ್ಪನ್ನೂ ತಿಂದಿತು, ಸೊಪ್ಪು ಮುಗಿದ ಮೇಲೆ ಹುಲ್ಲು ತಿಂದೂ ಬದುಕಿತು. ಅಷ್ಟೇ. ಕೃಷ್ಣಮೃಗ ಮುಖ್ಯವಾಗಿ ಹುಲ್ಲು ಮೇಯುವಂಥದ್ದಾದ್ದರಿಂದ ಅಲ್ಲಿನ ಜಿಂಕೆಗಳ ಜೊತೆ ಅದರ ಪೈಪೋಟಿ ಅಷ್ಟು ನೇರ ಅಲ್ಲ, ನ್ಯಾಯವಾಗಿ ಇದನ್ನೂ ಹೇಳಬೇಕು.

ಹಾಗಾದರೆ ಮಾವ ಹೇಳಿದ್ದು?

ಅರ್ಧ ಸರಿ. ಸಹಾರಾದ ಅಂಚಿನ ಕತ್ತಿಕೊಂಬಿನ ಓರಿಕ್ಸ್ ಕಾಡಿನಲ್ಲಿ ಅಳಿದಿದೆ ಅಂತ 2000ದಲ್ಲಿ ಘೋಷಣೆಯಾಯಿತು. ಆಗ ಟೆಕ್ಸಸ್ಸಿನ ಬೇಲಿಗಳೊಳಗೆ ಅವು ಸಾವಿರಗಟ್ಟಲೆ ಇದ್ದವು. ಅಮೆರಿಕ ಸರ್ಕಾರ 2005ರಲ್ಲಿ ಅದನ್ನೂ ಇನ್ನೆರಡು ಹುಲ್ಲೆಗಳನ್ನೂ ಅಪಾಯದ ಪಟ್ಟಿಗೆ ಸೇರಿಸಿತು. ಜೊತೆಗೇ ಬೇಲಿಯೊಳಗೆ ಹುಟ್ಟಿದವಕ್ಕೆ ವಿನಾಯಿತಿಯನ್ನೂ ಕೊಟ್ಟಿತು. ಪ್ರಾಣಿಪರ ಸಂಘಟನೆ ಕೋರ್ಟಿಗೆ ಹೋಯಿತು, 2012ರಲ್ಲಿ ವಿನಾಯಿತಿ ಹೋಯಿತು. ಬೇಟೆಗೆ ಪರ್ಮಿಟ್ ಬೇಕು ಅಂತಾದ ಕೂಡಲೇ ಮಾಲೀಕರು ಹಿಂಡು ಕಡಿಮೆ ಮಾಡತೊಡಗಿದರು. 2014ರಲ್ಲಿ ಒಂದು ಬಜೆಟ್ ಮಸೂದೆಯೊಳಗೆ ಸೇರಿಸಿ ವಿನಾಯಿತಿಯನ್ನು ವಾಪಸ್ ತಂದರು. ಇದರಿಂದ ಒಂದು ಸಂಗತಿ ಗೊತ್ತಾಯಿತು: ಆ ಪ್ರಾಣಿ ಅಲ್ಲಿ ಉಳಿದಿರುವುದು ಅದಕ್ಕೆ ಬೆಲೆ ಇರುವ ತನಕ.

ಮತ್ತೆ ಕಾಡಿಗೆ ಹೋದ ಓರಿಕ್ಸ್‌ಗಳ ಕಥೆ ಬೇರೆ. 2016ರಿಂದ ಚಾಡ್ ದೇಶದ ವಿಶಾಲ ಮೀಸಲು ಪ್ರದೇಶಕ್ಕೆ ಅವನ್ನು ಬಿಡತೊಡಗಿದರು. ಅಬುಧಾಬಿಯ ಪರಿಸರ ಸಂಸ್ಥೆ ಬೇರೆ ಬೇರೆ ಕಡೆಯ ರಕ್ತಸಂಬಂಧ ಲೆಕ್ಕ ಹಾಕಿ ಕಟ್ಟಿದ ಹಿಂಡಿನಿಂದ ಬಂದವು ಅವು. ಆಮೇಲೆ ಅವು ಅಲ್ಲೇ ಮರಿ ಹಾಕಿದವು, 2023ರ ಡಿಸೆಂಬರಿನಲ್ಲಿ 'ಕಾಡಿನಲ್ಲಿ ಅಳಿದದ್ದು' ಅನ್ನುವ ಹಣೆಪಟ್ಟಿ ತೆಗೆದರು. ದುಡ್ಡು ಹಾಕಿದ್ದು ಒಂದು ಸರ್ಕಾರ, ನೆಲ ಕೊಟ್ಟದ್ದು ಇನ್ನೊಂದು ಸರ್ಕಾರ. ಬೇಟೆಯ ಬೆಲೆಪಟ್ಟಿ ಇಲ್ಲಿ ಕೆಲಸ ಮಾಡಲಿಲ್ಲ.

ದಕ್ಷಿಣ ಆಫ್ರಿಕಾವನ್ನೂ ನೋಡಬೇಕು. ಕೇಪ್ ಪ್ರಾಂತ್ಯದ ಬಾಂಟೆಬಾಕ್ ಹುಲ್ಲೆ ಉಳಿದದ್ದು ಕೆಲವು ರೈತರು ತಮ್ಮ ಜಮೀನಿನಲ್ಲಿ ಬೇಲಿ ಹಾಕಿ ಕಾಪಾಡಿದ್ದರಿಂದ. 1931ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಉದ್ಯಾನ ಮಾಡುವಾಗ ಅಲ್ಲಿ ಇದ್ದದ್ದು 17. ಅದು ದೊಡ್ಡ ಕೆಲಸ, ನಿಜ. ಆದರೆ 1991ರ ಕಾಯ್ದೆ ಸರಿಯಾಗಿ ಬೇಲಿ ಹಾಕಿದವನಿಗೆ ಪ್ರಾಣಿಯ ಮಾಲೀಕತ್ವ ಕೊಟ್ಟ ಮೇಲೆ ಅದೊಂದು ಉದ್ಯಮವಾಯಿತು. ಊರಲ್ಲದ ಊರಿಗೆ ಹುಲ್ಲೆಗಳು ಹೋದವು. ಪ್ರಕೃತಿಯಲ್ಲಿ ದೂರ ಇದ್ದ ಬಾಂಟೆಬಾಕ್, ಬ್ಲೆಸ್‌ಬಾಕ್‌ಗಳು ಒಂದೇ ಬೇಲಿಯೊಳಗೆ ಕೂಡಿ ಮಿಶ್ರತಳಿ ಹುಟ್ಟಿದವು. ಕಪ್ಪು ಇಂಪಾಲಾ, ಚಿನ್ನದ ಬಣ್ಣದ ವಿಲ್ಡಬೀಸ್ಟ್ ಅಂತ ಅಪರೂಪದ ಬಣ್ಣಗಳನ್ನು ಹರಾಜಿಗಾಗಿ ಬೆಳೆಸಿದರು. ಈಗ ಅಲ್ಲಿ ಅಧ್ಯಕ್ಷರಾಗಿರುವ ಸಿರಿಲ್ ರಾಮಫೋಸಾ 2012ರಲ್ಲಿ ಒಂದು ಕಾಡೆಮ್ಮೆಯ ಹರಾಜಿನಲ್ಲಿ ಸುಮಾರು 2 ಕೋಟಿ ರ್ಯಾಂಡ್ ತನಕ ಕೂಗಿ, ಬಡವರ ದೇಶದಲ್ಲಿ ಇದೆಂಥದ್ದು ಅಂತ ಜನ ಕೇಳಿದ ಮೇಲೆ ಕ್ಷಮೆ ಕೇಳಿದ್ದರು. ದನದ ಜಮೀನು ಬೇಟೆಯ ಜಮೀನಾದಾಗ ಅಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಕಪ್ಪು ಕೂಲಿಕಾರರ ಕುಟುಂಬಗಳು ಒಕ್ಕಲೆದ್ದವು. ಹುಲ್ಲೆ ಮೇಯಿಸಲು ಅಷ್ಟು ಕೈಗಳು ಬೇಡವಲ್ಲ.

ಟೆಕ್ಸಸ್ಸಿನಲ್ಲಿ ಇದು ಇಷ್ಟು ಸಲೀಸಾದದ್ದು ಯಾಕೆ ಅಂದರೆ, ಆ ರಾಜ್ಯದ ನೂರರಲ್ಲಿ 95 ಭಾಗ ನೆಲ ಖಾಸಗಿಯದ್ದು. ಅಲ್ಲಿನ ಕಾನೂನಿನಲ್ಲಿ ಹೊರದೇಶದ ಹುಲ್ಲೆ ವನ್ಯಜೀವಿಯೇ ಅಲ್ಲ, ಹೆಚ್ಚುಕಮ್ಮಿ ಜಾನುವಾರು. ಬೇಟೆಗೆ ಹಂಗಾಮಿಲ್ಲ, ಎಷ್ಟು ಹೊಡೆಯಬಹುದು ಅನ್ನುವ ಮಿತಿಯೂ ಇಲ್ಲ. ತಮ್ಮ ನೋಡಿದ ಪ್ರಾಣಿ ಕಾನೂನಿನ ಕಣ್ಣಲ್ಲಿ ಅದರ ಮಾಲೀಕನ ಎಮ್ಮೆಗೆ ಸಮ.

ನಮ್ಮಲ್ಲಿ ಅದೇ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಆ ಕಾಯ್ದೆ ರೂಪಿಸಿದವರಲ್ಲಿ ಮುಖ್ಯರಾದ ಎಂ.ಕೆ. ರಂಜಿತ್‌ಸಿಂಹ ಅಧ್ಯಯನ ಮಾಡಿ ಪುಸ್ತಕ ಬರೆದದ್ದು ಇದೇ ಕೃಷ್ಣಮೃಗದ ಬಗ್ಗೆ. ಹೊಲದಲ್ಲಿ ಸತ್ತು ಬಿದ್ದ ಕೃಷ್ಣಮೃಗದ ಕೊಂಬು ಕೂಡ ಸರ್ಕಾರದ ಸ್ವತ್ತು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಈಗ ಹೊರದೇಶದ ಸಂರಕ್ಷಿತ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಬೇಟೆಗಾಗಿ ಸಾಕುವ ರ್ಯಾಂಚಿಗೆ ಮಾತ್ರ ನಮ್ಮಲ್ಲಿ ಜಾಗವೇ ಇಲ್ಲ.

ರೂಮ್‌ಮೇಟ್ ಹೇಳಿದ್ದು

ಇಷ್ಟು ಬರೆದು ನಾನು ಗೆದ್ದೆ ಅಂದುಕೊಳ್ಳಬಹುದಿತ್ತು, ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದ ರೋಣದ ಕಡೆಯ ಗೆಳತಿ ಇಲ್ಲದಿದ್ದರೆ. ಮುಂಗಾರಿನಲ್ಲಿ ಹೆಸರು ಮೊಳಕೆಯೊಡೆದಾಗಿನಿಂದ ಅವಳ ಅಪ್ಪ ಹೊಲದಲ್ಲೇ ಮಲಗುತ್ತಾರೆ. ಚಿಗರಿ ಹಿಂಡು ಒಂದು ರಾತ್ರಿ ನುಗ್ಗಿದರೆ ಬಿತ್ತಿದ್ದು ಹೋಯಿತು. ಹೆಸರು, ಕಡಲೆ, ಶೇಂಗಾ, ಎಳೆ ಜೋಳ ಯಾವುದನ್ನೂ ಬಿಡುವುದಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಲು ಓಡಾಡಿದ ಖರ್ಚು ಬಂದ ಪರಿಹಾರಕ್ಕಿಂತ ಹೆಚ್ಚಾಗಿತ್ತಂತೆ. ವಿಡಿಯೊ ತೋರಿಸಿದಾಗ ಅವಳು ಹೇಳಿದ್ದು: "ನಿಮಗ ಅದು ಚಂದ ಕಾಣ್ತದವಾ. ನಮ್ಮಪ್ಪಗ ಅದು ಕಾಣಿಸಿದ್ರ ನಿದ್ದಿ ಹತ್ತಂಗಿಲ್ಲ."

ಅವಳ ಅಪ್ಪನಿಗೆ ಕಾಯ್ದೆ ಕೊಟ್ಟದ್ದು ಏನು? ಮುಟ್ಟಬೇಡ ಅನ್ನುವ ಎಚ್ಚರಿಕೆ. ಟೆಕ್ಸಸ್ ಮಾದರಿ ಬಂದರೆ ಅವರಿಗೆ ಸಿಗುವುದು ಏನು? 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ರೈತನ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಮೂರೂಚಿಲ್ಲರೆ ಎಕರೆಯಲ್ಲಿ ಯಾರೂ ರ್ಯಾಂಚ್ ಮಾಡಲಾರರು. ಮಾಡುವವರು 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದಿದ್ದರೂ ಜಮೀನು ಕೊಳ್ಳಬಲ್ಲವರು. ಹುಲ್ಲೆ ಇರುತ್ತದೆ, ಬೇಲಿ ಇರುತ್ತದೆ. ಅವಳ ಅಪ್ಪ ಗೇಟಿನ ಹತ್ತಿರ ಕಾವಲಿಗಿರುತ್ತಾರೆ.

ಸುಮ್ಮನೆ ಕೊಲ್ಲುವುದನ್ನೂ ನಾವು ನೋಡಿ ಆಗಿದೆ. ಬಿಹಾರದಲ್ಲಿ ನೀಲಗಾಯಿಯನ್ನು 2015ರ ಕೊನೆಗೆ ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿ ಅಂತ ಘೋಷಿಸಿದರು. 2016ರ ಜೂನಿನಲ್ಲಿ ಮೊಕಾಮದಲ್ಲಿ ಹೈದರಾಬಾದಿನಿಂದ ಬಂದ ಗುರಿಕಾರರು ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದರು. ಒಂದೇ ಸಂಪುಟದ ಮೇನಕಾ ಗಾಂಧಿ, ಪ್ರಕಾಶ್ ಜಾವಡೇಕರ್ ಟಿವಿ ಕ್ಯಾಮೆರಾಗಳ ಎದುರು ಜಗಳಾಡಿದರು. ಆಮೇಲೆ ಎಲ್ಲರೂ ಮರೆತರು, ರೈತರನ್ನು ಬಿಟ್ಟು.

ಹಾಗಂತ ತಪ್ಪೆಲ್ಲ ಚಿಗರಿಯದ್ದೂ ಅಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದೆವು. ಅದರ ಬಹುಭಾಗದಲ್ಲಿ ನೀಲಗಿರಿ ನೆಟ್ಟಿದ್ದೆವು. ಬಯಲಿನ ಪ್ರಾಣಿಗೆ ಪ್ಲಾಂಟೇಶನ್ನು! ಅಲ್ಲಿದ್ದ ಎರೆಭೂತ ಹಕ್ಕಿ ಹೋಯಿತು. ಚಿಗರಿ ಉಳಿಯಿತು, ಆದರೆ ಹುಲ್ಲು ಹುಡುಕಿ ಹೊಲಕ್ಕೆ ಇಳಿಯಿತು. ನಮ್ಮ ಸರ್ಕಾರಿ ದಾಖಲೆಯಲ್ಲಿ ಹುಲ್ಲುಗಾವಲು ಅಂದರೆ ಇವತ್ತಿಗೂ 'ಖಾಲಿ ಜಾಗ', ಸೋಲಾರ್ ಪಾರ್ಕಿಗೋ ಕೈಗಾರಿಕೆಗೋ ಕಾದಿರುವ ಪಾಳು. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಮಾತ್ರ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಅಂತ ಉಳಿಸಿಕೊಂಡರು. ಅಷ್ಟರಲ್ಲೇ ಹಿಂಡುಗಳು ಬದುಕಿವೆ. ನಾನು ಕೃಷ್ಣಮೃಗವನ್ನು ಬೇಲಿ ಇಲ್ಲದೆ ನೋಡಿದ್ದು ಅಲ್ಲೊಂದೇ ಸಲ, ಬೆಳಿಗ್ಗೆ ಏಳು ಗಂಟೆಗೆ, ಬೈಕಿನ ಸದ್ದಿಗೆ ಅವು ಒಂದರ ಹಿಂದೆ ಒಂದು ಹಾರಿದಾಗ.

2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶ ಒಂದು ಹೊಸ ಪ್ರಯತ್ನ ಮಾಡಿತು. ಶಾಜಾಪುರ ಜಿಲ್ಲೆಯ ಹೊಲಗಳಲ್ಲಿ ಬೆಳೆ ತಿನ್ನುತ್ತಿದ್ದ ಕೃಷ್ಣಮೃಗ, ನೀಲಗಾಯಿಗಳನ್ನು ದಕ್ಷಿಣ ಆಫ್ರಿಕಾದ ತಜ್ಞರ ತಂಡ ಹೆಲಿಕಾಪ್ಟರಿನಿಂದ ಮೆಲ್ಲಗೆ ಅಟ್ಟಿಕೊಂಡು ಬಂದು, ಬಟ್ಟೆಯ ಗೋಡೆಗಳ ಆಲಿಕೆಯಂಥ ದೊಡ್ಡಿಗೆ ತುಂಬಿಸಿ, ಅಲ್ಲಿಂದ ಲಾರಿಗೆ ಹತ್ತಿಸಿತು. ಹಿಂಡು ಮುಂದಿನದ್ದನ್ನು ಹಿಂಬಾಲಿಸಿ ಓಡುತ್ತದೆ, ಗೋಡೆ ಕಂಡರೆ ಅದರ ಉದ್ದಕ್ಕೇ ಹೋಗುತ್ತದೆ ಅನ್ನುವ ಸ್ವಭಾವದ ಮೇಲೆ ನಿಂತ ಉಪಾಯ ಅದು, ರ್ಯಾಂಚುಗಳ ನಾಡಿನಲ್ಲೇ ಹುಟ್ಟಿದ್ದು. ಸುಮಾರು ಹತ್ತು ದಿನಗಳಲ್ಲಿ 900ಕ್ಕೂ ಹೆಚ್ಚು ಪ್ರಾಣಿಗಳು ಗಾಂಧಿಸಾಗರ, ಕುನೋದಂಥ ರಕ್ಷಿತ ಕಾಡುಗಳಿಗೆ ಹೋದವು. ಅಲ್ಲಿ ಅವುಗಳಿಗೆ ಮಾಲೀಕನಿಲ್ಲ. ಈಗ ಅಲ್ಲಿ ಆಫ್ರಿಕಾದಿಂದ ತಂದ ಚೀತಾಗಳಿವೆ.

ಆ ಸುದ್ದಿಯನ್ನು ಗೆಳತಿಗೆ ಕಳಿಸಿದೆ. ಸಂಜೆ ಉತ್ತರ ಬಂತು: "ನಮ್ಮ ಕಡಿ ಯಾವಾಗ ಬರ್ತಾರಂತ? ಬಂದ್ರ ಹೆಸರು ಬಿತ್ತೂಕಿಂತ ಮೊದಲ ಬರಾಕ ಹೇಳು."